ಸಾಕ್ಷಿ ಪ್ಲೇಟು

"ಇವ್ರ್ ಹೋದ್ರ್ ಮಗಾ."

ತೆಕ್ಕಟ್ಟೆಯಿಂದ ಸರ್ ಅವರ ಹೆಂಡತಿ ಫೋನು ಮಾಡಿ ಹೇಳಿದ್ದು ಇಷ್ಟೇ. ಆಗ ನನ್ನ ಎಡಗೈಯಲ್ಲಿ ಕ್ರಿಮಿ ಬೆಳೆಸುವ ಒಂದು ಬ್ಲಡ್ ಅಗಾರ್ ಪ್ಲೇಟು ಇತ್ತು. ವರ್ಷದಿಂದ ನಿರೀಕ್ಷೆಯಲ್ಲಿದ್ದ ಸುದ್ದಿ ಅದು. ಏನು ಮಾಡಿದೆ ಗೊತ್ತೇ? ಅಳಲಿಲ್ಲ, "ಯಾವಾಗ?" ಎಂದು ಕೇಳಲಿಲ್ಲ. ಪ್ಲೇಟನ್ನು ಮಗುಚಿ, ಬೆಳಕಿಗೆ ಹಿಡಿದು, ಅದರ ಬೆನ್ನು ನೋಡಿದೆ. ಪ್ಲೇಟನ್ನು ಮೊದಲು ಬೆನ್ನಿನಿಂದ ನೋಡಬೇಕು ಎಂದು ಕಲಿಸಿದವರು ಅವರೇ. ಸತ್ತ ಸುದ್ದಿ ಕಿವಿಯಲ್ಲಿರುವಾಗಲೂ ಕೈ ಅವರ ಮಾತು ಕೇಳಿತು.

ಕುಂದಾಪುರದ ಒಂದು ಸಣ್ಣ ಲ್ಯಾಬಿನಲ್ಲಿ ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದವಳು ನಾನು. ಸುತ್ತಲಿನ ನರ್ಸಿಂಗ್ ಹೋಮುಗಳಿಂದ ಜ್ವರದವರ ರಕ್ತ ನಮ್ಮಲ್ಲಿಗೆ ಬರುತ್ತದೆ. ಆ ರಕ್ತದಲ್ಲಿ ಏನಾದರೂ ಬೆಳೆಯುತ್ತದೋ, ಬೆಳೆದರೆ ಅದರ ಹೆಸರೇನು ಎಂದು ಹೇಳುವುದು ನಮ್ಮ ಕೆಲಸ. ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆನಾದ್ದರಿಂದ ನಾನು 'ಬೈಂದೂರು'. "ಹ್ವಾಯ್ ಬೈಂದೂರು, ಇವತ್ತ್ ಬಸ್ಸ್ ತಳ್ಳ್ಕಂಡ್ ಬಂದ್ಯಾ?" ಎಂಟು ನಿಮಿಷ ತಡವಾದರೆ ಇದು ಸ್ವಾಗತ. ಒಂಬತ್ತು ನಿಮಿಷವಾದರೆ ಅದೂ ಇಲ್ಲ, ಗಡಿಯಾರದ ಕಡೆ ಒಂದು ನೋಟ.

ತೆಳ್ಳಗಿನ ಮನುಷ್ಯ. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಮೇಲೆ ಮಾರ್ಕರ್ ಪೆನ್ನು. ತಲೆತಲಾಂತರದಿಂದ ದೇವಸ್ಥಾನದ ಚಾಕರಿ ಮಾಡಿಕೊಂಡು ಬಂದ ಮನೆತನ. ಈರುಳ್ಳಿ ಮುಟ್ಟದವರು ದಿನವಿಡೀ ರಕ್ತ, ಕೀವು, ಕಫದ ನಡುವೆ ಇರುತ್ತಿದ್ದರು. ಅವರ ಬಿಳಿ ಕೋಟಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಬಾವಿಕಟ್ಟೆಯ ಹತ್ತಿರದ ಹಗ್ಗವೇ ಅದರ ಜಾಗ. "ದೇವ್ರಿಗ್ ಇದ್ ಆತ್ತಾ ಸರ್?" ಎಂದು ಒಮ್ಮೆ ಕೇಳಿದ್ದೆ. "ದೇವ್ರಿಗ್ ಆತ್ತ್. ಹೆಂಡ್ತಿಗ್ ಆತ್ತಿಲ್ಲೆ" ಅಂದರು.

ಅವರಿಗೆ ರಕ್ತದಲ್ಲಿ ಸಿಗುವ ಕ್ರಿಮಿಗಳಲ್ಲೆಲ್ಲ ಸ್ಟ್ರೆಪ್ಟೋಕಾಕಸ್ ಮೇಲೆ ಒಂದು ವಿಚಿತ್ರ ಅಕ್ಕರೆ. ಸೂಕ್ಷ್ಮದರ್ಶಕದಲ್ಲಿ ಮಣಿ ಪೋಣಿಸಿದಂತೆ ಕಾಣುತ್ತದೆಂದು ಅದಕ್ಕೆ 'ಸರದವು' ಎಂದು ಹೆಸರಿಟ್ಟಿದ್ದರು. ಅದರಲ್ಲಿ ಹತ್ತಾರು ಜಾತಿ. ಗಂಟಲಿನದು ಒಂದು, ಬಾಣಂತಿಯಿಂದ ಮಗುವಿಗೆ ದಾಟುವುದು ಒಂದು, ಹಲ್ಲಿನ ಸಂದಿಯಿಂದ ಹೊರಟು ಹೃದಯದ ಕವಾಟಕ್ಕೆ ಹೋಗಿ ಕೂರುವುದು ಇನ್ನೊಂದು. ಕೆಲವು ಪ್ಲೇಟಿನ ರಕ್ತವನ್ನು ಪೂರ್ತಿ ಕರಗಿಸಿ ತಮ್ಮ ಸುತ್ತ ಬೆಳ್ಳಗೆ ಮಾಡುತ್ತವೆ, ಕೆಲವು ಹಸಿರು ಬಣ್ಣ ತರುತ್ತವೆ, ಕೆಲವು ಏನೂ ಮಾಡದೆ ಸುಮ್ಮನೆ ಕೂರುತ್ತವೆ. ಹೊಸದಾಗಿ ಸೇರಿದಾಗ ನಾನೊಮ್ಮೆ 'ಸ್ಟ್ರೆಪ್ಟೋಕಾಕಸ್ ಬೆಳೆದಿದೆ' ಎಂದಷ್ಟೇ ಬರೆದು ರಿಪೋರ್ಟು ಅವರ ಮುಂದಿಟ್ಟೆ. ಅಯ್ಯೋ, ಆವತ್ತಿನ ಮಂಗಳಾರತಿ!

"ಸಾಲಿಗ್ರಾಮ ಪೇಟಿಯಲ್ಲ್ ನಿಂತ್ಕಂಡ್ ಬರೀ ಮನಿ ಹೆಸ್ರ್ ಕೂಗ್ ಕಾಂಬ. ಹತ್ತ್ ಜನ ತಿರ್ಗ್ ಕಾಂತ್ರ್. ಅದ್ರಲ್ಲ್ ನಿಂಗ್ ಬೇಕಾದವ ಯಾರ್? ಆಳಿನ್ ಹೆಸ್ರ್ ಹೇಳ್ಕ್. ಹೇಳೂಕ್ ಆಯ್ದಿದ್ರೆ ಮನಿಗ್ ಹೋಯ್ಕ್."

ಬಾಯಿ ಜೋರು, ಆದರೆ ಸುಮ್ಮನೆ ಹೇಳುವ ಜನ ಅಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಒಬ್ಬರಿಗೆ ತಿಂಗಳಾನುಗಟ್ಟಲೆ ಬಿಟ್ಟು ಬಿಟ್ಟು ಜ್ವರ. ಟೈಫಾಯಿಡ್ ಅಂದರು, ಮಲೇರಿಯಾ ಅಂದರು, ಕಡೆಗೆ ರಕ್ತ ನಮ್ಮಲ್ಲಿಗೆ ಬಂತು. ಸರದ ಕುಲದ್ದೇ ಬೆಳೆಯಿತು. ಸರ್ ಅಷ್ಟಕ್ಕೆ ಬಿಡಲಿಲ್ಲ. ಪಿತ್ತ ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದರು, ಅದು ಕಪ್ಪಾಯಿತು. ಉಪ್ಪುನೀರಿನ ಟ್ಯೂಬಿನಲ್ಲಿ ಹಾಕಿದರು, ಅಲ್ಲಿ ಬೆಳೆಯಲಿಲ್ಲ, ನೀರು ತಿಳಿಯಾಗಿಯೇ ಉಳಿಯಿತು. ಇವೆರಡೂ ಸೇರಿದರೆ ಅದು ಹಿಂದೆ 'ಬೋವಿಸ್' ಎನ್ನುತ್ತಿದ್ದ ಬಳಗ, ಈಗ ಪುಸ್ತಕದವರು 'ಗ್ಯಾಲೊಲಿಟಿಕಸ್' ಎನ್ನುತ್ತಾರೆ. "ಹೆಸ್ರ್ ಬದ್ಲ್ ಮಾಡ್ರೂ ಬುದ್ಧಿ ಬದ್ಲಾಯ್ಲಿಲ್ಲ" ಎಂದು ಗೊಣಗುತ್ತಾ ಡಾಕ್ಟರಿಗೆ ಫೋನು ಮಾಡಿದರು. "ಡಾಕ್ಟ್ರೇ, ಇದ್ ನೆತ್ರಂಗೆ ಸಿಕ್ಕ್ರೆ ದೊಡ್ಡ ಕರುಳ್ ಕಾಣ್ಕ್. ಅಲ್ಲಿ ಎಂತದೋ ಇರೂ ಸಾಧ್ಯತೆ ಜಾಸ್ತಿ." ನೋಡಿದರು. ಗಡ್ಡೆ ಇತ್ತು. ಬೇಗ ಸಿಕ್ಕಿದ್ದರಿಂದ ತೆಗೆದರು, ಮನುಷ್ಯ ಬದುಕಿದರು. ದೋಣಿಯ ಮರದ ತುಂಡಿನಲ್ಲಿ ಒಂದು ಟ್ಯೂಬ್ ಸ್ಟ್ಯಾಂಡು ಮಾಡಿ ತಂದು ಸರ್ ಮೇಜಿನ ಮೇಲಿಟ್ಟು ಹೋದರು. ಅದು ಇವತ್ತಿಗೂ ಅಲ್ಲೇ ಇದೆ.

ಫೋನಿನ ವಿಷಯದಲ್ಲೂ ಅವರದು ಒಂದು ಕಟ್ಟುನಿಟ್ಟು. ರಕ್ತದಲ್ಲಿ ಏನಾದರೂ ಬೆಳೆದರೆ ಕಾಗದಕ್ಕೆ ಕಾಯುವ ಹಾಗಿಲ್ಲ. ಪ್ಲೇಟು ಓದಿದವರೇ ಆ ಕ್ಷಣ ಫೋನು ಮಾಡಬೇಕು, ಆಚೆಯವರು ಕೇಳಿದ್ದನ್ನು ಒಂದೊಂದೇ ಶಬ್ದ ತಿರುಗಿ ಹೇಳಬೇಕು, ಹೇಳುವವರೆಗೆ ಬಿಡಬಾರದು. ಎಷ್ಟು ದೊಡ್ಡ ಡಾಕ್ಟರಾದರೂ ಸರ್ ಬಿಡುತ್ತಿರಲಿಲ್ಲ. "ಹೌದೌದು, ಗೊತ್ತಾಯ್ತು" ಅಂದರೆ, "ಎಂತ ಗೊತ್ತಾಯ್ತ್ ಹೇಳಿ ಕಾಂಬ" ಎನ್ನುವರು.

ಇಷ್ಟು ಶಿಸ್ತಿನ ಮನುಷ್ಯ ಒಂದು ತಪ್ಪು ಮಾಡುತ್ತಿದ್ದರು. ತಪ್ಪು ಎಂದು ಗೊತ್ತಿದ್ದೇ ಮಾಡುತ್ತಿದ್ದರು. ಈ ಪ್ಲೇಟು ಅಂದರೆ ಅಂಗೈಯಗಲದ, ಮುಚ್ಚಳವಿರುವ ತಟ್ಟೆ. ಒಳಗೆ ರಕ್ತ ಬೆರೆಸಿದ ಅಗಾರ್ ಕೆಂಪು ಹಾಲ್‌ಬಾಯಿಯ ಹಾಗೆ ಹೆಪ್ಪುಗಟ್ಟಿರುತ್ತದೆ. ಅದಕ್ಕೆ ಕುರಿಯ ರಕ್ತವೇ ಆಗಬೇಕು. ನಮಗೆ ಸಿದ್ಧ ಪ್ಲೇಟುಗಳು ಮಂಗಳೂರಿನಿಂದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಸಾಲು ರಜೆ ಬಂದು ಪೆಟ್ಟಿಗೆ ತಡವಾದರೆ ಸರ್ ಕುರ್ಚಿಯಲ್ಲಿ ಕೂತು ತೋಳು ಮಡಚುತ್ತಿದ್ದರು. "ಬಾ ಬೈಂದೂರು, ತೆಗಿ." ನಾನು ಅವರ ರಕ್ತ ತೆಗೆಯಬೇಕು. ಅದು ಹೆಪ್ಪುಗಟ್ಟದ ಹಾಗೆ ಗಾಜಿನ ಮಣಿ ಹಾಕಿದ ಫ್ಲಾಸ್ಕಿನಲ್ಲಿ ಅವರು ಅಲ್ಲಾಡಿಸುತ್ತಾ ಕೂರುವರು. ಎಷ್ಟು ಹೊತ್ತು? ಗಡಿಯಾರ ನೋಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಒಂದು ಸ್ತೋತ್ರ ಬಾಯಲ್ಲೇ ಗುನುಗುವರು, ಅದು ಮುಗಿದಾಗ ಅಲ್ಲಾಡಿಸುವುದೂ ಮುಗಿಯುತ್ತಿತ್ತು. ಆಮೇಲೆ ಉಗುರು ಬೆಚ್ಚಗಿನ ಅಗಾರಿಗೆ ಬೆರೆಸಿ ಪ್ಲೇಟು ಹೊಯ್ಯುವುದು.

"ಇದ್ ತಪ್ಪ್. ನೀ ಕಲೀಬೇಡ" ಎಂದು ಪ್ರತಿ ಸಲವೂ ಹೇಳುತ್ತಿದ್ದರು. "ಮನ್ಷರ್ ನೆತ್ರಂಗೆ ಎಂತೆಂತ ಇರ್ತೋ ಯಾರಿಗ್ ಗೊತ್ತ್? ಆದ್ರೆ ಜ್ವರದವ್ರ್ ಪೆಟ್ಟಿಗಿ ಬಪ್ಪಲ್ಲಿವರಿಗೆ ಕಾಯ್ತ್ರಾ?"

ಅದಕ್ಕೇ ಅವರು ಮಾಡಿಕೊಂಡ ಕಾವಲು ಸಾಕ್ಷಿ ಪ್ಲೇಟು. ಹೊಯ್ದ ಪ್ಲೇಟುಗಳಲ್ಲಿ ಒಂದಕ್ಕೆ ಏನನ್ನೂ ಹಚ್ಚದೆ, ಖಾಲಿ, ಎರಡು ದಿನ ಬೆಚ್ಚಗಿನ ಇನ್‌ಕ್ಯುಬೇಟರಿನಲ್ಲಿ ಇಡುವುದು. ಅದು ಚೊಕ್ಕವಾಗಿದ್ದರೆ ಉಳಿದವೂ ಚೊಕ್ಕ ಎಂದರ್ಥ. ಅದರಲ್ಲಿ ಏನಾದರೂ ಬೆಳೆದರೆ ಹೊಯ್ದವರ ಕೈ ಗಲೀಜು. ಹೊಯ್ಯುವ ಕೆಲಸ ನನ್ನದು.

ಒಂದೂವರೆ ವರ್ಷದ ಹಿಂದೆ, ಒಂದು ಬೆಳಿಗ್ಗೆ, ಸಾಕ್ಷಿ ಪ್ಲೇಟಿನಲ್ಲಿ ಎರಡು ಚುಕ್ಕಿ ಕಂಡೆ. ಸಣ್ಣವು, ಸಾಸಿವೆಗಿಂತ ಸಣ್ಣವು. ಸರ್ ಇನ್ನೂ ಬಂದಿರಲಿಲ್ಲ. ಹನ್ನೊಂದು ವರ್ಷ ಕಲಿತ ಮೇಲೂ ಕೈ ಗಲೀಜು ಅಂತ ಎಲ್ಲರೆದುರು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಆ ಸಲ ಹೊಯ್ದ ಪ್ಲೇಟುಗಳನ್ನೆಲ್ಲ ಎಸೆಯುವ ಡಬ್ಬಿಗೆ ಹಾಕಿದೆ. ಪುಣ್ಯಕ್ಕೆ ಅವನ್ನು ಯಾವ ರೋಗಿಗೂ ಬಳಸಿರಲಿಲ್ಲ. ಅವರು ಬಂದಾಗ, "ಸರ್, ಕೈ ಜಾರಿ ಬಿದ್ವು" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಬೈಗುಳಕ್ಕೆ ಕಾದೆ. ಬರಲಿಲ್ಲ. ಪೆಟ್ಟಿಗೆ ಸಂಜೆಗೆ ಬಂತು, ಕೆಲಸ ನಡೆಯಿತು. ಬಚಾವಾದೆ ಅಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳಲಿ!

ಮೂರು ತಿಂಗಳು ಕಳೆದವು. ಅವರು ಸೊರಗಿದ್ದು ಕಾಣುತ್ತಿತ್ತು. ಸಂಜೆಯಾದರೆ ಕೋಟಿನ ಮೇಲೆ ಒಂದು ಶಾಲು. "ಎಂತ ಸರ್, ಚಳಿಯಾ?" ಎಂದರೆ "ಫ್ಯಾನ್ ಗಾಳಿ" ಎನ್ನುವರು, ಫ್ಯಾನು ತಿರುಗದಿದ್ದಾಗಲೂ. ಚೌತಿಯ ರಜೆಗಳ ನಡುವೆ ಮತ್ತೆ ಪೆಟ್ಟಿಗೆ ಬರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ತೋಳು ಮಡಚಿದರು. ತೋಳು ಎಷ್ಟು ಸಪೂರವಾಗಿತ್ತೆಂದರೆ ರಬ್ಬರ್ ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಬೇಕಾಯಿತು. ಫ್ಲಾಸ್ಕು ಅಲ್ಲಾಡಿಸುತ್ತಾ ಸ್ತೋತ್ರದ ಮಧ್ಯೆ ತಡವರಿಸಿದರು. ಮೊದಲಿನಿಂದ ಹೇಳಿದರು. ಮತ್ತೆ ಅಲ್ಲೇ ತಪ್ಪಿತು. "ಸಾಕ್, ಆಯ್ತ್" ಎಂದು ಎದ್ದರು.

ಎರಡು ದಿನ ಬಿಟ್ಟು ಸಾಕ್ಷಿ ಪ್ಲೇಟು ತೆಗೆದವರು ಈ ಸಲ ಅವರೇ. ಒಂಬತ್ತು ಚುಕ್ಕಿ.

"ಇದೆಂತದ್? ಕೈ ತೊಳೂಕ್ ಕಲ್ತಿಲ್ಯಾ ನೀನ್? ಹನ್ನೊಂದ್ ವರ್ಷ ಎಂತ ಮಣ್ಣ್ ಹೊತ್ತೆ?" ಇಡೀ ಲ್ಯಾಬು ಕೇಳುವಂತೆ ಕೂಗಿದರು. ಹಿಂದೆಯೂ ಬೈದಿದ್ದಾರೆ, ಆದರೆ ಬೈದು ಮುಗಿದಾಗ ಮುಖದಲ್ಲಿ ಒಂದು ತುಂಟತನ ಉಳಿಯುತ್ತಿತ್ತು. ಆವತ್ತು ಅದು ಇರಲಿಲ್ಲ. "ನಿನ್ ಕೈಯ್ದೇ! ಇದ್ ನಿನ್ ಕೈಯ್ದೇ!" ಎಂದು ಎರಡು ಸಲ ಹೇಳಿದರು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬಚ್ಚಲಿಗೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ನನ್ನ ಕೈಯಲ್ಲಿ ಇರುವ ಕ್ರಿಮಿ ಯಾವುದು ಅಂತ ನಾನೇ ತೋರಿಸುತ್ತೇನೆ, ಆಳಿನ ಹೆಸರೇ ಹೇಳುತ್ತೇನೆ, ಕಾಂಬ.

ಅವರು ಎಸೆಯಲು ಹೇಳಿದ್ದ ಪ್ಲೇಟನ್ನು ಎಸೆಯದೆ ಬೆಳಕಿಗೆ ಹಿಡಿದೆ. ಬೆನ್ನಿನಿಂದ ನೋಡಿದೆ. ಕೈಯಿಂದಲೋ ಗಾಳಿಯಿಂದಲೋ ಬಿದ್ದದ್ದು ಅಗಾರಿನ ಮೇಲ್ಮೈಯಲ್ಲಿ ಬೆಳೆಯುತ್ತದೆ. ಈ ಚುಕ್ಕಿಗಳು ಹೆಚ್ಚಿನವು ಒಳಗೆ ಇದ್ದವು, ಆಳದಲ್ಲಿ, ಸಂಡಿಗೆಯೊಳಗಿನ ಸಬ್ಬಕ್ಕಿಯ ಹಾಗೆ. ಹೊಯ್ಯುವಾಗಲೇ ಬೆರೆತು ಬಂದವು. ಅಗಾರನ್ನು ಕುದಿಸಿಯಾಗಿತ್ತು, ಫ್ಲಾಸ್ಕು ಮಣಿ ಎಲ್ಲ ಶುದ್ಧ ಮಾಡಿಯಾಗಿತ್ತು. ಕುದಿಸದೆ ಬೆರೆಸಿದ್ದು ಒಂದೇ ಒಂದು.

ಇಲ್ಲ, ಹಾಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ಹೇಳದೆ ಒಂದು ಚುಕ್ಕಿ ತೆಗೆದು ಬೆಳೆಸಿದೆ. ಪೆರಾಕ್ಸೈಡ್ ಹನಿಸಿದೆ, ನೊರೆ ಬರಲಿಲ್ಲ. ನಮ್ಮ ಚರ್ಮದ ಮೇಲಿರುವ ಕ್ರಿಮಿಯಾದರೆ ಬುಸ್ಸೆಂದು ನೊರೆ ಬರಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಮಣಿಸರ. ಪಿತ್ತದ ಟ್ಯೂಬಿನಲ್ಲೂ ಉಪ್ಪಿನ ಟ್ಯೂಬಿನಲ್ಲೂ ಹಾಕಿಟ್ಟು ಮನೆಗೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ದೇವರನ್ನು ಒಂದೇ ಬೇಡಿದ್ದು, ಉಪ್ಪುನೀರು ಕದಡಿರಲಿ ಎಂದು. ಮರುದಿನ ಬೆಳಿಗ್ಗೆ ಪಿತ್ತದ ಟ್ಯೂಬು ಕರ್ರಗೆ ಕಪ್ಪಾಗಿತ್ತು. ಉಪ್ಪುನೀರು ತಿಳಿಯಾಗಿತ್ತು. ಇನ್ನೊಂದು ದಿನ ಕಾದೆ, ಪಕ್ಕಾ ಮಾಡಲು ಉಳಿದ ಪರೀಕ್ಷೆಗಳನ್ನೂ ಮಾಡಿದೆ. ಉಪ್ಪುನೀರು ಹಾಗೇ ಇತ್ತು, ಹೆಸರೂ ಅದೇ ಬಂತು.

ಸರ್ ಚಹಾ ಕುಡಿಯುತ್ತಿದ್ದರು. ಎರಡೂ ಟ್ಯೂಬನ್ನು ದೋಣಿಯ ಮರದ ಸ್ಟ್ಯಾಂಡಿನಲ್ಲಿಟ್ಟು ಅವರ ಮುಂದೆ ಸರಿಸಿದೆ. ಅವರು ಟ್ಯೂಬುಗಳನ್ನು ಎತ್ತಿ, ಕನ್ನಡಕ ಸರಿಮಾಡಿ ನೋಡಿದರು.

"ಹ್ಞಾಂ. ಇವ್ನೇ. ಯಾವ ನಂಬ್ರದ್ ನೆತ್ರ್?"

"ನಂಬ್ರ ಇಲ್ಲೆ ಸರ್."

"ನಂಬ್ರ ಇಲ್ದೆ ಹ್ಯಾಂಗೆ?"

"ಸಾಕ್ಷಿ ಪ್ಲೇಟ್ ಸರ್. ಚುಕ್ಕಿ ಒಳ್ಗಿತ್ತ್."

ಚಹಾದ ಲೋಟ ಕೆಳಗಿಟ್ಟರು. ಚೂರೂ ಸದ್ದಾಗಲಿಲ್ಲ. ಆಮೇಲೆ, "ಫೋನ್ ಮಾಡ್" ಅಂದರು.

"ಯಾರಿಗ್ ಸರ್?"

"ನೆತ್ರ್ ಯಾರ್ದೋ ಅವ್ರಿಗೆ. ಓದಿದವ್ರೇ ಮಾಡ್ಕಲೆ. ಮರ್ತ್ಯಾ?"

ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಲ್ಯಾಬಿನ ಫೋನಿನಿಂದ ಅವರ ಮೊಬೈಲಿಗೆ ಫೋನು ಮಾಡಿದೆ. ನನ್ನಿಂದ ಮೂರು ಮಾರು ದೂರದಲ್ಲಿ ಅದು ಹೊಡೆದುಕೊಂಡಿತು. ಅವರು ಜೇಬಿನಿಂದ ತೆಗೆದು ಕಿವಿಗೆ ಹಿಡಿದು, "ಹಲೋ, ಹೇಳಿ" ಎಂದರು, ನನಗೆ, ಬಹುವಚನದಲ್ಲಿ. ನಾನು ಅಳುತ್ತಾ ಹೇಳಿದೆ. ಬೋವಿಸ್ ಎಂದೆ. "ಹಳೀ ಹೆಸ್ರಲ್ಲ. ಹೊಸ್ದ್ ಹೇಳಿ." ಹೇಳಿದೆ. ಅವರು ಒಂದೊಂದೇ ಶಬ್ದ ತಿರುಗಿ ಹೇಳಿದರು. "ಸ್ಟ್ರೆಪ್ಟೋಕಾಕಸ್. ಗ್ಯಾಲೊಲಿಟಿಕಸ್. ಹ್ಞಾಂ. ಕರುಳ್ ಕಾಣ್ಕ್, ಹೃದಯದ ಕವಾಟನೂ ಕಾಣ್ಕ್. ಗೊತ್ತಾಯ್ತ್." ಫೋನು ಇಟ್ಟು, ಎರಡೂ ತೋಳು ಮಡಚಿ ಕುರ್ಚಿಯಲ್ಲಿ ಕೂತರು. "ಈಗ ಸರಿಯಾದ ಬಾಟ್ಲಿಗೆ, ಎರಡೂ ಕೈಯಿಂದ ನೆತ್ರ್ ತೆಗಿ. ಪಕ್ಕಾ ಆಯ್ಕ್." ನಾನು ಸೂಜಿ ಹಿಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ನರ ತಪ್ಪಿತು. ಅವರು ಇನ್ನೊಂದು ತೋಳು ಚಾಚಿದರು.

ಎರಡೂ ಬಾಟ್ಲಿಯಲ್ಲಿ ಅದೇ ಬೆಳೆಯಿತು. ದೊಡ್ಡ ಆಸ್ಪತ್ರೆಯಲ್ಲಿ ನೋಡಿದರು. ಕವಾಟದಲ್ಲಿ ಸೋಂಕು, ಕರುಳಿನಲ್ಲಿ ಗಡ್ಡೆ. ಸೋಂಕು ಔಷಧಿಗೆ ಬಗ್ಗಿತು. ಗಡ್ಡೆ ತೆಗೆದರು, ಆದರೆ ಅಷ್ಟರಲ್ಲಿ ಅದು ಯಕೃತ್ತಿಗೆ ದಾಟಿತ್ತು. ಮೂರು ತಿಂಗಳು ಮೊದಲೇ ಗೊತ್ತಾಗಿದ್ದರೆ? ಡಾಕ್ಟರನ್ನು ಕೇಳಿದೆ. "ಹೇಳಲಿಕ್ಕೆ ಬರುವುದಿಲ್ಲ" ಎಂದರು. ಆ ಒಂದು ಮಾತು ನನ್ನನ್ನು ತಿಂದಷ್ಟು ಬೇರೆ ಯಾವುದೂ ತಿನ್ನಲಿಲ್ಲ. ಆ ಎರಡು ಚುಕ್ಕಿಗಳು ಅನ್ನದ ತಟ್ಟೆಯಲ್ಲೂ ಕಾಣುತ್ತಿದ್ದವು. ನಾನು ಆವತ್ತು ಬೈಸಿಕೊಂಡಿದ್ದರೆ ಆಗುತ್ತಿತ್ತು. ಬೈಗುಳಕ್ಕೆ ಹೆದರಿ ಒಬ್ಬ ಮನುಷ್ಯನ ಮೂರು ತಿಂಗಳನ್ನು ಡಬ್ಬಿಗೆ ಹಾಕಿದೆ.

ಹೋಗಿ ಹೇಳಿಬಿಡಬೇಕು ಎಂದು ವರ್ಷವಿಡೀ ಅಂದುಕೊಂಡೆ. ಅವರ ಮನೆಗೆ ಹೋದಾಗೆಲ್ಲ ಬೇರೆ ಏನೋ ಮಾತಾಡಿ ಬಂದೆ. ಕಡೆಯ ಸಲ ಹೋದದ್ದು ಅವರು ತೀರಿಹೋಗುವ ಮೂರು ವಾರದ ಮುಂಚೆ. ಬಾವಿಕಟ್ಟೆಯ ಹಗ್ಗದಲ್ಲಿ ಕೋಟು ಇರಲಿಲ್ಲ. ಒಳಗೆ ಮಂಚದ ಹತ್ತಿರದ ಗೂಟದಲ್ಲಿ ಇತ್ತು, ಅವರ ಹೆಂಡತಿಯೇ ತಂದು ತೂಗುಹಾಕಿದ್ದಂತೆ. ಅದನ್ನು ನೋಡಿದಾಗಲೇ ನನಗೆ ಎಲ್ಲ ಮುಗಿಯಿತು ಎಂದು ಗೊತ್ತಾಯಿತು. ಮಂಚದ ಪಕ್ಕ ಕೂತೆ.

"ಸರ್, ಒಂದ್ ಹೇಳೂಕಿತ್ತ್. ಆವತ್ತ್ ಕೈ ಜಾರಿ ಬಿದ್ವ್ ಅಂದೆ ಅಲ್ದಾ? ಬೀಳ್ಲಿಲ್ಲ ಸರ್. ಸಾಕ್ಷಿ ಪ್ಲೇಟಂಗೆ ಎರಡ್ ಚುಕ್ಕಿ ಇದ್ದಿತ್. ನಿಮ್ಗ್ ಹೆದ್ರಿ ನಾನೇ ಡಬ್ಬಿಗ್ ಹಾಕ್ದೆ."

"ಗೊತ್ತಿತ್ತ್" ಎಂದರು.

ನನಗೆ ಕೇಳಿದ್ದೇ ತಪ್ಪೇನೋ ಅನ್ನಿಸಿತು.

"ಬಿದ್ದ ಪ್ಲೇಟ್ ಒಡೀಕಲೆ? ಒಂದೂ ಒಡಿಲಿಲ್ಲ. ನೀನ್ ಊಟಕ್ ಹೋದಾಗ ಡಬ್ಬಿಯಿಂದ ತೆಗ್ದ್ ಕಂಡೆ. ಬೆನ್ನಿಂದ್ಲೇ ಕಂಡೆ. ಚುಕ್ಕಿ ಒಳ್ಗಿತ್ತ್."

ಹಾಗಾದರೆ ಮೂರು ತಿಂಗಳು ಇವರಿಗೆ ಗೊತ್ತಿತ್ತೇ? ಪ್ರತಿ ಪ್ಲೇಟಿಗೂ ಆಳಿನ ಹೆಸರು ಹೇಳು ಎಂದು ನಮ್ಮ ಜೀವ ಹಿಂಡಿದ ಈ ಮನುಷ್ಯ, ಅದೊಂದನ್ನು ಮಾತ್ರ ಪಿತ್ತದ ಟ್ಯೂಬಿಗೂ ಹಾಕದೆ, ಉಪ್ಪಿನ ಟ್ಯೂಬಿಗೂ ಹಾಕದೆ, ಸುಮ್ಮನೆ ಡಬ್ಬಿಗೆ ವಾಪಸು ಹಾಕಿದರೇ? ಶಾಲು ಹೊದ್ದು ಫ್ಯಾನಿನ ಮೇಲೆ ತಪ್ಪು ಹೊರಿಸಿದರೇ? ನನಗೆ ಒಮ್ಮೆಲೇ ಸಿಟ್ಟು, ಅಳು, ಎರಡೂ ಬಂತು. "ಎಂತಕ್ಕೆ ಸರ್? ಎಂತಕ್ಕೆ ಕಾಣ್ಲಿಲ್ಲ ನೀವು?" ಎಂದು ಕೂಗಿಯೇಬಿಟ್ಟೆ. ಅಡುಗೆಮನೆಯಿಂದ ಅವರ ಹೆಂಡತಿ ಇಣುಕಿದರು.

"ಹೆದ್ರಿಕಿ ಆಯ್ತ್ ಮಾರಾಯ್ತಿ" ಎಂದರು ಸರ್. "ಹೆಸ್ರ್ ಗೊತ್ತಾದ್ರೆ ಮುಗೀತಲ್ದಾ? ಚೌತಿ ಟೈಮಂಗೆ ನಿಂಗೆ ಬೈದೆ ಕಾಣ್, ಅದ್ ಬೈದದ್ದಲ್ಲ. ಅದ್ ನಿನ್ ಕೈಯ್ದೇ ಆಯ್ಲಿ ಅಂದ್ ದೇವ್ರಲ್ ಬೇಡ್ಕಂಡದ್ದ್."

ಸುಸ್ತಾಗಿ ಕಣ್ಣು ಮುಚ್ಚಿದರು. ನಿದ್ದೆ ಬಂತೇನೋ ಎಂದು ನಾನು ಏಳಹೊರಟೆ. ಅವರು ನನ್ನ ಬಲಗೈ ಹಿಡಿದು, ಪ್ಲೇಟು ಮಗುಚುವ ಹಾಗೆಯೇ ಮಗುಚಿ, ಮೊದಲು ಬೆನ್ನು ನೋಡಿದರು. ಆಮೇಲೆ ಅಂಗೈ ನೋಡಿದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕರೆಯದ ನನ್ನ ಹೆಸರು ಹಿಡಿದು ಕರೆದು, "ಕೈ ಚೊಕ್ಕ ಇತ್ತ್" ಎಂದರು.